ಅರ್ಪಿತ ವೈನ್ಸ್‌ನ ಆರು ತಿಂಗಳು

ಬೆಳಿಗ್ಗೆ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದು ನಿಂತಾಗ, ಇವತ್ತು ತಾನು ಏನನ್ನೋ ಮರೆಯಬೇಕಾಗಿದೆ ಎಂದು ಚಲುವರಾಜುವಿಗೆ ಅನ್ನಿಸಿತು. ನೆನಪಿಡಬೇಕಾದದ್ದನ್ನು ಜನ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಮರೆಯಬೇಕಾದದ್ದನ್ನು ಎಲ್ಲಿ ಬರೆದುಕೊಳ್ಳುವುದು? ಹೆಂಡತಿ ಚಂದನ ಅಡುಗೆಮನೆಯಿಂದಲೇ, “ನೆನ್ನೆ ಕುಸುಮ ಎಲ್ಡು ಸಲ ಫೋನ್ ಮಾಡಿದ್ಲು. ನೀವು ಮನಗ್ಬುಟ್ಟಿದ್ರಿ” ಎಂದಳು. ಅವನು ನಿದ್ದೆ ಹೋಗಿರಲಿಲ್ಲ. ತಂಗಿಯ ಹೆಸರು ಫೋನಿನ ಮೇಲೆ ಬೆಳಗಿ ಆರಿದ್ದನ್ನು ನೋಡಿ, ಫೋನನ್ನು ಬೋರಲು ಹಾಕಿ, ಗೋಡೆ ಕಡೆಗೆ ತಿರುಗಿಕೊಂಡಿದ್ದ. “ಠಾಣೆಯಿಂದ ಮಾಡ್ತೀನಿ ಬುಡು” ಎಂದು ಉಳಿದರ್ಧ ಗಡ್ಡಕ್ಕೆ ಕೈ ಹಾಕಿದವನು ಗಲ್ಲವನ್ನು ಕೊಯ್ದುಕೊಂಡ. ಹನ್ನೊಂದು ವರ್ಷದಿಂದ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಆಗಿದ್ದವನಿಗೆ ರಕ್ತ ಕಂಡರೆ ಮೊದಲು ಹೊಳೆಯುವುದು ಅದನ್ನು ಏನೆಂದು ಬರೆಯುವುದು ಎಂಬುದು. ಜಾರಿದ್ದು, ಎಂದುಕೊಂಡ. ಬ್ಲೇಡು ಆಕಸ್ಮಿಕವಾಗಿ ಜಾರಿದ್ದು.

ಇವತ್ತು ಆರು ತಿಂಗಳ ಕೊನೆಯ ದಿನ. ಮದ್ದೂರಿನ ಆಚೆ ಹಳೇ ಹೆದ್ದಾರಿಯ ಪಕ್ಕದಲ್ಲಿದ್ದ ಮುದ್ದಯ್ಯನ ವೈನ್ ಶಾಪಿಗೆ ಎಕ್ಸ್‌ಪ್ರೆಸ್‌ವೇ ಆದ ಮೇಲೆ ನೊಣವೂ ಬರದಂತಾಗಿ, ಅವನು ಲೈಸೆನ್ಸನ್ನು ಕಂಕುಳಲ್ಲಿ ಇರುಕಿಕೊಂಡು ಹೊಂಬಾಳೆದೊಡ್ಡಿಯ ಒಳಕ್ಕೇ ಬಂದಿದ್ದ. ಹೆಂಗಸರು ಪೊರಕೆ ಹಿಡಿದು ಪಂಚಾಯ್ತಿ ಮುಂದೆ ಕೂತರು. ಅಂಗಡಿ ಇಲ್ಲದಿದ್ದರೆ ಕಳ್ಳ ಮಾರಾಟ, ಅಂಗಡಿ ಇದ್ದರೆ ಜಗಳ, ಇದರಲ್ಲಿ ಯಾವುದು ಅಪರಾಧಕ್ಕೆ ಹೆಚ್ಚು ಹತ್ತಿರ ಎಂಬ ಬಗ್ಗೆ ಮಂಡ್ಯದಲ್ಲಿ ಪರಿಶೀಲನಾ ಸಮಿತಿಯೊಂದು ಮೂರು ಸಲ ಸೇರಿ, ಮೂರು ಸಲ ಊಟ ಮಾಡಿ, ಎಲ್ಲರಿಗೂ ಒಪ್ಪುವ ಉಪಾಯವನ್ನು ಕಂಡುಹಿಡಿಯಿತು. ಹೀಗೆ ಊರೊಳಕ್ಕೆ ಬಂದ ಅಂಗಡಿಗಳು ಆರು ತಿಂಗಳು ನಡೆಯಲಿ. ಅಷ್ಟರಲ್ಲಿ ಊರಿನಲ್ಲಿ ಅಪರಾಧ ಹೆಚ್ಚಿದರೆ ಲೈಸೆನ್ಸ್ ರದ್ದು, ಹೆಚ್ಚದಿದ್ದರೆ ಕಾಯಂ. ಹೆಚ್ಚಿತೋ ಇಲ್ಲವೋ ಹೇಳಬೇಕಾದದ್ದು ಠಾಣೆ. ಠಾಣೆಯಲ್ಲಿ ಬರೆಯುವವನು ಚಲುವರಾಜು. ಅಂಗಡಿ ಬರುವ ಮೊದಲು, ಅಲ್ಲಿ ಅಂಗಡಿಯಾದರೆ ಶಾಂತಿ ಸುವ್ಯವಸ್ಥೆಗೆ ಧಕ್ಕೆಯಾಗುವ ಸಂಭವ ಕಂಡುಬಂದಿರುವುದಿಲ್ಲ ಎಂಬ ಅಭಿಪ್ರಾಯವನ್ನು ಅವನೇ ದುಂಡು ಅಕ್ಷರದಲ್ಲಿ ಬರೆದಿದ್ದ. ಸಹಿ ಸಾಹೇಬರದು, ವಾಕ್ಯ ಮಾತ್ರ ಅವನದು. ಆ ವಾಕ್ಯ ಬರೆಯುವಾಗ, ತಂಗಿಯನ್ನು ಕೊಟ್ಟ ಊರು ಅದೇ ಎಂಬುದು ಅವನಿಗೆ ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಕೈ ಮಾತ್ರ ತನ್ನ ಪಾಡಿಗೆ ದುಂಡಗೆ ಹೋಗುತ್ತಿತ್ತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ವಿಷ್ಣು ಆಗಲೇ ಬಂದು ಕೂತಿದ್ದರು. ಇಂಜಿನಿಯರಿಂಗ್ ಓದಿ ಬಂದ ಹುಡುಗು ಮುಖದ ಸಾಹೇಬರು. ಲಾಠಿಗಿಂತ ಎಕ್ಸೆಲ್ ಶೀಟನ್ನು ಹೆಚ್ಚು ನಂಬುವವರು. “ಚಲುವರಾಜು ಅವರೇ, ಮೂರೂವರೆಗೆ ಮೀಟಿಂಗು. ಹೊಂಬಾಳೆದೊಡ್ಡಿ ಡೇಟಾ ಕ್ಲೀನ್ ಇದೆ ತಾನೆ?” “ಇದೆ ಸಾರ್.” ಇತ್ತು. ಅಂಗಡಿಗೆ ಮೊದಲಿನ ಆರು ತಿಂಗಳಲ್ಲಿ ಹತ್ತೊಂಬತ್ತು ಪ್ರಕರಣ. ಅದರಲ್ಲಿ ಹದಿನಾಲ್ಕು, ಪೆಟ್ಟಿಗೆ ಅಂಗಡಿಗಳಲ್ಲಿ ಕದ್ದುಮುಚ್ಚಿ ಮದ್ಯದ ಪ್ಯಾಕೆಟ್ ಮಾರಿದ್ದು. ಲೈಸೆನ್ಸ್ ಬಂದೊಡನೆ ಆ ಹದಿನಾಲ್ಕೂ ತಾವಾಗಿಯೇ ನಿಂತವು. ಅದೇ ಪ್ಯಾಕೆಟ್ಟು, ಅದೇ ಬಾಯಿ, ಈಗ ಬೋರ್ಡಿನ ಕೆಳಗೆ, ಸರ್ಕಾರದ ಒಪ್ಪಿಗೆಯಿಂದ. ಅಪರಾಧ ತಡೆಯಲು ಇದಕ್ಕಿಂತ ಸುಲಭದ ದಾರಿ ಯಾವ ದೇಶದಲ್ಲೂ ಸಿಕ್ಕಿರಲಾರದು. ಉಳಿದ ಐದು ಹೊಡೆದಾಟದವು. ಆ ಜಾಗದಲ್ಲಿ ಈಗ ಸೊನ್ನೆ. ಕೊಲೆ ಸೊನ್ನೆ, ಸುಲಿಗೆ ಸೊನ್ನೆ, ಹಲ್ಲೆ ಸೊನ್ನೆ, ಮಹಿಳೆಯರ ಮೇಲಿನ ದೌರ್ಜನ್ಯ ಸೊನ್ನೆ. ಒಂದರ ಕೆಳಗೊಂದು, ಮಣಿ ಪೋಣಿಸಿದ ಹಾಗೆ.

ಅವನು ಸುಳ್ಳು ಬರೆಯುವವನಲ್ಲ. ಇದನ್ನು ಅವನು ಎದೆ ಮುಟ್ಟಿಕೊಂಡು ಹೇಳಬಲ್ಲ. ಅವನು ಬರೆಯುವುದಿಲ್ಲ, ಅಷ್ಟೆ. ಬರೆಯುವುದನ್ನು ಇಸ್ಕೂಲಿನಲ್ಲಿ ಯಾರು ಬೇಕಾದರೂ ಕಲಿಸುತ್ತಾರೆ; ಬರೆಯದೆ ಇರುವುದು ತನ್ನಷ್ಟಕ್ಕೆ ತಾನೇ ಕೂಡಿಬರಬೇಕಾದ ವಿದ್ಯೆ. ಕಬ್ಬಿನ ಲಾರಿ ಲೋಡು ಮಾಡುವವನೊಬ್ಬ ಬಾಟಲಿ ಏಟಿಗೆ ತಲೆ ಒಡೆದುಕೊಂಡು ಬಂದಾಗ, “ಅಲ್ಲಪ್ಪ, ಕೇಸು ಅಂದ್ರೆ ಕೋರ್ಟು, ಕೋರ್ಟಂದ್ರೆ ಮಳವಳ್ಳಿಗೆ ಅಲೆಯೋದು. ಕೆಲ್ಸ ಕಾರ್ಯ ಬುಟ್ಟು ಅಲೀತೀಯಾ?” ಎಂದು ಚಲುವರಾಜು ಕೇಳಿದ್ದ. ಏಟು ತಿಂದವನು ಯೋಚಿಸಿ, ಟಿಂಚರ್ ಹಚ್ಚಿಸಿಕೊಂಡು, ಕೈ ಮುಗಿದು ಹೋದ. ಕೈ ಮುಗಿದದ್ದು ಚಲುವರಾಜುವಿಗೆ ಎರಡು ದಿನ ಊಟದಲ್ಲಿ ಕಲ್ಲಿನಂತೆ ಸಿಕ್ಕಿತ್ತು. ಮೂರನೇ ದಿನ ಸಿಗಲಿಲ್ಲ. ಹೆಂಗಸರು ಬಂದರೆ ಮಾತೇ ಬೇರೆ. ಅವರನ್ನು ಕೂರಿಸಿ, ನೀರು ಕೊಡಿಸಿ, ದನಿ ತಗ್ಗಿಸಿ ಮಾತಾಡುತ್ತಿದ್ದ. ಈ ಆರು ತಿಂಗಳಲ್ಲಿ ಹೊಂಬಾಳೆದೊಡ್ಡಿಯ ಹೆಂಗಸರು ಪಂಪ್‌ಸೆಟ್ಟಿನ ಹತ್ತಿರ, ಕೊಟ್ಟಿಗೆಯ ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಬಚ್ಚಲಲ್ಲಿ ಜಾರಿ ಬಿದ್ದಷ್ಟು ಬೇರೆ ಯಾವ ಊರಿನ ಹೆಂಗಸರೂ ಬಿದ್ದಿರಲಾರರು. ಊರಿನ ನೆಲಕ್ಕೇ ಏನೋ ಆಗಿದೆ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು.

ಹತ್ತು ಗಂಟೆಗೆ ಮುದ್ದಯ್ಯ ಬಂದ. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಎಣ್ಣೆ ಇಳಿದ ಮದ್ದೂರು ವಡೆಯ ಪೊಟ್ಟಣ. ಅಂಗಡಿಗೆ ಮಗಳ ಹೆಸರಿಟ್ಟ ತಂದೆ ಅವನು, ಅರ್ಪಿತ ವೈನ್ಸ್. ಮಗಳು ಮಂಡ್ಯದಲ್ಲಿ ಪಿಯುಸಿ ಓದುತ್ತಾಳೆ, ಕಾಲೇಜಿನಲ್ಲಿ ಅವಳ ಹೆಸರು ಕೂಗಿದರೆ ಹಿಂದಿನ ಬೆಂಚಿನವರು ಕ್ವಾರ್ಟರ್ ಕೇಳುತ್ತಾರೆ ಎಂದು ಅವಳು ಅತ್ತಿದ್ದನ್ನು ಮುದ್ದಯ್ಯನೇ ನಗುತ್ತ ಹೇಳಿದ್ದ. “ರೈಟ್ರೇ, ನಮ್ಮೂರ್ ಬಾಗ್ಲಲ್ಲಿ ಸಾಂತಿಗ್ರಾಮ ಅಂತ ಒಂದು ಬೋರ್ಡ್ ಆಕ್ಸೋಣ ಅಂತಿವ್ನಿ. ಏನಂತೀರಿ?” “ಆಕ್ಸಿ.” “ನಿಮ್ ಬಾವ ಸ್ವಾಮಿ ದಿನಾ ಬತ್ತಾನೆ. ನಿಮ್ಮೋರು ಅಂತ ನಾನು ಅವ್ನಿಗೆ ಒಳ್ಗಡೇನೇ ಕುರ್ಚಿ ಆಕ್ಸಿವ್ನಿ, ಬೀದೀಲಿ ನಿಂತು ಕುಡಿಯೋಕೆ ಬುಡಕಿಲ್ಲ.” ಚಲುವರಾಜು ವಡೆ ಮುರಿದ. ಆ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಅವನೂ ಒಮ್ಮೆ ಕೂತಿದ್ದ. ಎರಡು ತಿಂಗಳ ಹಿಂದೆ, ಬಂದೋಬಸ್ತು ಮುಗಿಸಿ ಹೋಗುವಾಗ, ಸ್ವಾಮಿಯೇ ಕೈ ಹಿಡಿದು ಎಳೆದಿದ್ದ. ಹೆದ್ದಾರಿಯ ಡಾಬಾದಲ್ಲಿ ಸೂಪರ್‌ವೈಸರ್ ಆಗಿದ್ದ ಸ್ವಾಮಿ, ಡಾಬಾ ಮುಚ್ಚಿದ ಮೇಲೆ ಮೀಸೆ ತಿರುವುವುದನ್ನೇ ಕೆಲಸ ಮಾಡಿಕೊಂಡವನು. ಆ ಸಂಜೆ ಇಬ್ಬರೂ ಎಷ್ಟು ನಕ್ಕಿದ್ದರು! ಕುಸುಮಳ ಸಾರಿನಲ್ಲಿ ಉಪ್ಪಿಲ್ಲ ಎಂದು ಸ್ವಾಮಿ ಹೇಳಿದ್ದಕ್ಕೆ ಚಲುವರಾಜು, “ನಮ್ಮವ್ವ ಕಲ್ಸಿದ್ದೇ ಅಂಗೆ” ಎಂದು ತೊಡೆ ತಟ್ಟಿ ನಕ್ಕಿದ್ದ. ಮಾರನೇ ದಿನ ತಂಗಿಯ ಫೋನು ಬಂದಿತ್ತು. ಅತ್ತ ಕಡೆ ಬರೀ ಉಸಿರಿನ ಸದ್ದು. ಅವನು “ಊಟ ಆಯ್ತಾ?” ಎಂದು ಕೇಳಿ ಇಟ್ಟಿದ್ದ.

“ಸಾರ್.”

ತಲೆ ಎತ್ತಿದರೆ ಬೆಂಚಿನ ಮೇಲೆ ಕುಸುಮ. ಯಾವಾಗ ಬಂದಳೋ. ತನಗಿಂತ ಮುಂಚೆ ಬಂದ ಇಬ್ಬರು ಪಾಸ್‌ಪೋರ್ಟ್ ವಿಚಾರಣೆಯವರನ್ನು ಮುಂದೆ ಬಿಟ್ಟು, ಸರದಿಗಾಗಿ ಕಾದಿದ್ದಳು. ಸೆರಗು ಕಿವಿಯ ಮೇಲಿಂದ ಗದ್ದದವರೆಗೆ ಎಳೆದಿತ್ತು. ಎಡ ಮುಂಗೈಗೆ ಮನೆಯ ಟವಲು ಸುತ್ತಿತ್ತು. ಮುದ್ದಯ್ಯ ಎದ್ದು, “ಬತ್ತೀನಿ ರೈಟ್ರೇ” ಎಂದು ವಡೆ ಅಲ್ಲೇ ಬಿಟ್ಟು ಹೊರಟ. ಅವಳು ಸೆರಗು ಸರಿಸಿದಳು. ದವಡೆಯ ಒಂದು ಕಡೆ ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತ್ತು.

“ಒಂದು ಕಂಪ್ಲೇಂಟ್ ಬರ್ಸ್ಬೇಕಿತ್ತು ಸಾರ್.”

“ಏನ್ ಸಾರು ಗೀರು? ಒಳಕ್ ಬಾ ಕುಸುಮ.”

“ಇಲ್ಲೇ ಇರ್ತೀನಿ. ನೆನ್ನೆ ಅಣ್ಣಂಗೆ ಎಲ್ಡು ಸಲ ಫೋನ್ ಮಾಡ್ದೆ, ಎತ್ನಿಲ್ಲ. ಅದ್ಕೇ ಟೇಸನ್ಗೇ ಬಂದೆ.”

ಅವನು ಹೇಳಬೇಕಾದದ್ದು ಬೇರೆ ಏನೋ ಇತ್ತು. ಆದರೆ ಬಾಯಿ ತನ್ನ ಅಭ್ಯಾಸದ ದಾರಿ ಹಿಡಿಯಿತು. “ಮೊದ್ಲು ಕುಂತ್ಕೊಳಮ್ಮ, ನೀರ್ ಕುಡಿ. ಕುಡ್ದ ಮತ್ತಲ್ಲಿ ಕೈ ಎತ್ತವ್ನೆ. ಬೆಳಿಗ್ಗೆ ಎದ್ದು ಅವ್ನೇ ಪಶ್ಚಾತ್ತಾಪ ಪಟ್ಟಿರ್ತಾನೆ...”

“ಸಂಸಾರ ಅಂದ್ಮೇಲೆ ಒಂದ್ ಮಾತು ಬತ್ತದೆ, ಒಂದ್ ಮಾತು ಓಯ್ತದೆ,” ಎಂದು ಕುಸುಮ ಮುಂದುವರಿಸಿದಳು. ಅವನ ದನಿಯಲ್ಲೇ, ತಲೆಯನ್ನು ಅವನ ಹಾಗೇ ವಾಲಿಸಿಕೊಂಡು. “ಕೇಸ್ ಮಾಡುದ್ರೆ ನಾಳೆ ಅವ್ನ್ ಮಖ ಯಂಗ್ ನೋಡ್ತೀಯಾ. ಅಲ್ವಾ ಸಾರ್? ನಮ್ಮೂರ್ ಹೆಂಗಸ್ರ್‌ಗೆಲ್ಲ ಬಾಯ್ಪಾಠ ಆಗದೆ. ನೀರಿನ್ ಟ್ಯಾಂಕ್ ತಾವ ಒಬ್ರು ರೈಟ್ರಾಗ್ತಾರೆ, ಒಬ್ರು ಏಟ್ ತಿಂದೋಳಾಗ್ತಾರೆ. ನಾನೂ ಆಡಿವ್ನಿ. ನನ್ ಅಣ್ಣ ಅಂತ ನಂಗೇ ರೈಟ್ರ್ ಪಾಲ್ಟು ಕೊಡೋರು.”

ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಮಹಿಳಾ ಪೇದೆ ವೀಣ ತಲೆ ತಗ್ಗಿಸಿ ಕೀಲಿಮಣೆಯನ್ನು ಒರೆಸತೊಡಗಿದಳು. ಅವಳ ಭುಜ ಅಲುಗುತ್ತಿದೆಯೇ? ನಗುತ್ತಿದ್ದಾಳೆಯೇ? ಚಲುವರಾಜುವಿಗೆ ಮೈಯೆಲ್ಲ ಬೆವರಿತು. ತಂಗಿಯ ದವಡೆಗಿಂತ ಆ ಆಟದ ವಿಷಯವೇ ತನಗೆ ಹೆಚ್ಚು ಉರಿಯುತ್ತಿದೆಯಲ್ಲ ಎಂದು ತಿಳಿದು, ಆ ತಿಳಿವಿನಿಂದ ಇನ್ನೊಂದು ಸುತ್ತು ಬೆವರಿದ. ಎದ್ದು ಸಾಹೇಬರ ಕೋಣೆಗೆ ಹೋದ.

ವಿಷ್ಣು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಬೈಯಲಿಲ್ಲ, ಇಲ್ಲ ಎನ್ನಲಿಲ್ಲ. “ಛೆ, ನಿಮ್ಮ ಸಿಸ್ಟರಾ? ಖಂಡಿತ ತಗೋಬೇಕು. ಸ್ಟ್ರಾಂಗ್ ಆಗೇ ಹಾಕೋಣ.” ಆಮೇಲೆ ಕ್ಯಾಲೆಂಡರಿನ ಕಡೆ ನೋಡಿದರು. “ಒಂದೇ ಮಾತು. ನಾಳೆ ಬೆಳಿಗ್ಗೆ ತಗೊಂಡ್ರೆ? ಇವತ್ತಿಗೆ ಪೀರಿಯಡ್ ಮುಗೀತದೆ. ನಾಳೆ ಬರೆದದ್ದು ಯಾವ ಕಾಲಮ್ಮಿಗೂ ಬರಲ್ಲ. ನಿಮ್ಮ ಸಿಸ್ಟರಿಗೂ ನ್ಯಾಯ, ನಮ್ಮ ರಿಪೋರ್ಟಿಗೂ ತೊಂದ್ರೆ ಇಲ್ಲ. ಒಂದು ದಿನದಲ್ಲಿ ಏನು ವ್ಯತ್ಯಾಸ ಹೇಳಿ?” ಏನೂ ಇರಲಿಲ್ಲ. ಅಷ್ಟು ನಯವಾದ, ಅಷ್ಟು ನ್ಯಾಯವಾದ ಮಾತು. ನಿಜ ಹೇಳಬೇಕೆಂದರೆ ಚಲುವರಾಜುವಿಗೆ ಹಗುರವೇ ಆಯಿತು. ಹೊರಗೆ ಬಂದು, “ನಾಳೆ ಬಾವ್ವ. ಆಣೆ ಮಾಡ್ತೀನಿ, ನಾಳೆ ಬರ್ಕೊತೀನಿ” ಎಂದ.

ಅವಳು ಜಗಳವಾಡುತ್ತಾಳೆಂದು ಕಾದ. ಅವಳು “ಆಯ್ತು ಸಾರ್” ಎಂದು ಎದ್ದಳು.

“ಎಲ್ಲಿಗ್ ಓಯ್ತೀಯಾ ಈಗ?”

“ಇನ್ನೆಲ್ಲಿಗೆ, ಅಟ್ಟಿಗೆ. ಎಮ್ಮೆ ಬೆಳಿಗ್ಗೆಯಿಂದ ಕರೆದಿಲ್ಲ, ಕೆಚ್ಚಲು ಬಿಗಿದು ಅರಚ್ತಾ ಅದೆ.”

ಬಾಗಿಲ ಹೊಸ್ತಿಲಲ್ಲಿ ಒಂದು ಚಪ್ಪಲಿ ಕಳಚಿದ್ದನ್ನು ಕಾಲಿನಿಂದಲೇ ಸಿಕ್ಕಿಸಿಕೊಂಡು ಅವಳು ರಸ್ತೆಗೆ ಇಳಿದಳು. ಚಲುವರಾಜು ಕೂತು, ವರದಿಯ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯತೊಡಗಿದ. ಗೆರೆ ನೆಟ್ಟಗೆ ಬಂತು. ಎಮ್ಮೆ ಕರೆಯುವುದು. ಒಂದು ಕೈಯಲ್ಲಿ ತಂಬಿಗೆ ಹಿಡಿದರೆ ಇನ್ನೊಂದು ಕೈಯಲ್ಲಿ ಕರೆಯಬೇಕು. ತಂಬಿಗೆಯನ್ನು ಮಂಡಿಯಲ್ಲಿ ಸಿಕ್ಕಿಸಿಕೊಂಡರೂ ಬಿಗಿದ ಕೆಚ್ಚಲಿಗೆ ಎರಡೂ ಕೈ ಬೇಕು. ಒಂದೇ ಕೈಯಲ್ಲಿ ಹೇಗೆ? ಈ ಸಣ್ಣ ಲೆಕ್ಕ ತಲೆಯಲ್ಲಿ ಬಗೆಹರಿಯದೆ ಸುತ್ತತೊಡಗಿತು. ಚಿಕ್ಕಂದಿನಲ್ಲಿ ಕಿರುಗಾವಲಿನ ಮನೆಯಲ್ಲಿ ಅವಳು ಎಮ್ಮೆಯ ಹೊಟ್ಟೆಗೆ ಕೆನ್ನೆಯೊತ್ತಿ ಕೂತು ಕರೆಯುತ್ತಿದ್ದಳು. ಯಾವ ಕೆನ್ನೆ? ಎಡಗೆನ್ನೆ. ಈಗ ಊದಿದ್ದು ಅದೇ. ಅವನು ಪೆನ್ನನ್ನು ಕೆಳಗಿಟ್ಟ. ಎದ್ದ. ಟೋಪಿ ಮರೆತು ರಸ್ತೆಗೆ ಬಂದ, ನಡೆದ, ಆಮೇಲೆ ಓಡಿದ.

ಖಾಕಿ ಹಾಕಿದವನು ಓಡಿದರೆ ಜನಕ್ಕೆ ಒಂದೇ ಅರ್ಥ. ಬಸ್ ಸ್ಟಾಪಿನಲ್ಲಿ ನಿಂತವರು ದಾರಿ ಬಿಟ್ಟರು, ಹೂ ಮಾರುತ್ತಿದ್ದ ಮುದುಕಿ, “ಅಗೋ, ಆ ಯಮ್ಮ ಬಸ್ ಅತ್ತವ್ಳೆ, ಇಡ್ಕೊಳಿ ಸಾಮಿ!” ಎಂದು ಕೈ ತೋರಿಸಿದಳು. ಅವನು ಬಸ್ಸಿನ ಬಾಗಿಲಿಗೆ ನೇತುಬಿದ್ದು, ಮೆಟ್ಟಿಲ ಮೇಲಿದ್ದ ಕುಸುಮಳ ಬಲಗೈ ಹಿಡಿದ. “ಏನ್ ಕದ್ಲು ಸಾರ್?” ಎಂದು ಕಂಡಕ್ಟರ್ ಕೇಳಿದ. ಚಲುವರಾಜು ಏದುಸಿರು ಬಿಡುತ್ತಿದ್ದ. ಕುಸುಮಳೇ, “ನಮ್ಮಣ್ಣ ಕಣಪ್ಪ” ಎಂದಳು. ಯಾರೂ ನಂಬಲಿಲ್ಲ. ಠಾಣೆಯವರೆಗೂ ನಾಲ್ಕಾರು ಜನ, ಏನು ಕದ್ದಳೆಂದು ನೋಡಲು ಹಿಂದೆಯೇ ಬಂದರು.

ಅವನೇ ಬರೆದ. ಹೊಸ ಕಾನೂನಿನ ಸೆಕ್ಷನ್ನುಗಳು ಇನ್ನೂ ಬಾಯಿಗೆ ಬಂದಿರಲಿಲ್ಲವಾದ್ದರಿಂದ, ಗೋಡೆಗೆ ಅಂಟಿಸಿದ ಪಟ್ಟಿ ನೋಡಿಕೊಂಡು ಬರೆದ. ಅಕ್ಷರ ದುಂಡಗೆ ಬರಲಿಲ್ಲ. “ಯಾತರಲ್ಲಿ ಒಡ್ದ?” “ಒನಕೇಲಿ.” “ಎಷ್ಟ್ ಸಲ?” “ಎಣಿಸ್ನಿಲ್ಲ.” “ಯಾಕ್ ಒಡ್ದ?” ಅವಳು ಅವನ ಕಣ್ಣನ್ನೇ ನೋಡುತ್ತ, “ಸಾರಲ್ಲಿ ಉಪ್ಪಿಲ್ಲ ಅಂತ” ಎಂದಳು. ಅವನು ಅದನ್ನೂ ಬರೆದ. ವೀಣ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಯಾರನ್ನೂ ಕೇಳದೆ ಕೊನೆಯ ಬಟನ್ ಒತ್ತಿದಳು. ಯಂತ್ರ ಎಫ್ಐಆರ್ ನಂಬರು ಕೊಟ್ಟುಬಿಟ್ಟಿತು. ನಂಬರು ಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆಯಲು ದೇವರಿಗೂ ಪಾಸ್‌ವರ್ಡ್ ಇಲ್ಲ. ವಿಷ್ಣು ಕೋಣೆಯಿಂದ ಬಂದು ಪರದೆ ನೋಡಿ, “ಒಂದೇ ಒಂದು ದಿನ ರೀ, ಒಂದು ದಿನ!” ಎಂದು ತಲೆ ಹಿಡಿದುಕೊಂಡರು. ಸ್ವಾಮಿಯನ್ನು ಕರೆತರಲು ಇಬ್ಬರು ಪೇದೆಗಳು ಹೊರಟರು. ಎಲ್ಲಿದ್ದಾನೆಂದು ಹುಡುಕುವ ಕಷ್ಟವಿರಲಿಲ್ಲ, ಕುರ್ಚಿಯಲ್ಲೇ ಇದ್ದ. ಕುಸುಮಳನ್ನು ವೀಣಳ ಜೊತೆ ಮಳವಳ್ಳಿಯ ಆಸ್ಪತ್ರೆಗೆ, ಅಲ್ಲಿಂದ ಕಿರುಗಾವಲಿಗೆ ಅವ್ವನ ಮನೆಗೆ ಕಳಿಸಿ ಚಲುವರಾಜು ವರದಿಯ ಹಾಳೆಯನ್ನು ಹರಿದು ಹೊಸದಾಗಿ ಬರೆದ. ಮಹಿಳೆಯರ ಮೇಲಿನ ದೌರ್ಜನ್ಯ: ಒಂದು. ಸೊನ್ನೆಗಳ ನಡುವೆ ಅದೊಂದು ಮೊಳೆಯ ಹಾಗೆ ನಿಂತಿತ್ತು. ಅವನ ಎದೆಯಲ್ಲಿ ಬಹಳ ವರ್ಷಗಳಿಂದ ಮುಚ್ಚಿದ್ದ ಯಾವುದೋ ಕಿಟಕಿ ತೆರೆದಂತಾಯಿತು. ಅಂಗಡಿ ಮುಚ್ಚುತ್ತದೆ ಎಂದೇ ಅವನು ನಂಬಿದ. ಜೀಪಿನಲ್ಲಿ ಮಂಡ್ಯಕ್ಕೆ ಹೋಗುವಾಗ ಸಾಹೇಬರು ತಲೆ ಹಿಡಿದ ಕೈ ತೆಗೆಯಲೇ ಇಲ್ಲ. ಅವನು ಮಾತ್ರ ಗದ್ದೆಗಳನ್ನು ನೋಡುತ್ತ, ತನ್ನ ಬಗ್ಗೆ ತಾನೇ ಮೆಚ್ಚಿಕೊಳ್ಳುತ್ತ ಕೂತಿದ್ದ.

ಸಮಿತಿಯ ಮುಖ್ಯಸ್ಥೆ ದೀಪಶ್ರೀ ಎಂಬ ಅಧಿಕಾರಿ. ಓದುವ ಕನ್ನಡಕ ಹಾಕಿಕೊಂಡು ಒಂದೊಂದೇ ಊರಿನ ಹಾಳೆ ತಿರುವಿದರು. “ಸೊನ್ನೆ. ಇಲ್ಲೂ ಸೊನ್ನೆ. ಏಳು ಊರು, ಏಳೂ ಕಡೆ ಬರೀ ಸೊನ್ನೆ! ರಾಮರಾಜ್ಯ ಬಂತಾ? ಯಾರನ್ನ ಮಂಗ ಮಾಡ್ತೀರಿ?” ಏಳು ಠಾಣೆಗಳ ಸಾಹೇಬರೂ ನೆಲದ ಟೈಲ್ಸು ನೋಡಿದರು. ಮೇಡಂ ಆ ಏಳು ಅಂಗಡಿಗಳ ಕಡತಗಳನ್ನು ಮತ್ತೆ ತನಿಖೆಗೆ ಕಳಿಸಿದರು. ಎಂಟನೆಯದು ಹೊಂಬಾಳೆದೊಡ್ಡಿ. ವಿಷ್ಣುವಿನ ಮೇಲ್ದುಟಿ ಬೆವರಿತ್ತು. ಮೇಡಂ ಹಾಳೆಯನ್ನು ಹತ್ತಿರ ತಂದರು, ಕನ್ನಡಕ ತೆಗೆದರು.

“ನೋಡ್ರಿ, ಇದು ವರದಿ ಅಂದ್ರೆ! ಮೊದಲು ಹತ್ತೊಂಬತ್ತು, ಈಗ ಒಂದು. ಆ ಒಂದನ್ನೂ ಇವತ್ತೇ ಬೆಳಿಗ್ಗೆ ದಾಖಲು ಮಾಡಿದಾರೆ, ಮುಚ್ಚಿಟ್ಟಿಲ್ಲ. ಈ ಒಂದು ಇರೋದ್ರಿಂದ ಉಳಿದ ಸೊನ್ನೆಗಳ ಮೇಲೂ ನಂಬಿಕೆ ಬರ್ತದೆ. ಇಲ್ಲಿ ಲೈಸೆನ್ಸ್‌ನಿಂದ ಅಪರಾಧ ತೊಂಬತ್ತೈದು ಪರ್ಸೆಂಟ್ ಇಳಿದಿದೆ. ಕಾಯಂ ಮಾಡಿ. ಯಾರ್ರಿ ಇದನ್ನ ಬರೆದೋರು?”

ವಿಷ್ಣು ಎದ್ದು ನಿಂತು, ಮದುವೆ ಗಂಡನ್ನು ತೋರಿಸುವವರಂತೆ ಚಲುವರಾಜುವನ್ನು ತೋರಿಸಿದರು. “ಅದೂ ಮೇಡಂ, ಅವರ ಸ್ವಂತ ತಂಗಿಯ ಕೇಸು.” ಮೇಡಂ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಆ ಸದ್ದಿನೊಳಗೆ ನಿಂತು ಚಲುವರಾಜು, “ಇನ್ನೂ ಅವೆ ಮೇಡಂ” ಎಂದ. ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದ. “ಇನ್ನೂ ಅವೆ ಮೇಡಂ. ಈ ಒಂದಲ್ಲ.”

ಚಪ್ಪಾಳೆ ನಿಂತಿತು. “ಎಲ್ಲಿ? ದಾಖಲೆ ಇದೆಯಾ? ಒಂದು ಅರ್ಜಿ? ಹಿಂಬರಹ? ಏನಾದ್ರೂ?”

ಇರಲಿಲ್ಲ. ಒಂದು ಚೀಟಿಯೂ ಇರಲಿಲ್ಲ. ಹನ್ನೊಂದು ವರ್ಷ ಪಳಗಿದ ಕೈ ಕೆಲಸ. ಎಲ್ಲಿ ಹುಡುಕಿದರೂ ಸಿಗದಂತೆ ಮಾಡಿಟ್ಟಿದ್ದ. “ದಾಖಲೆ ಇಲ್ಲ” ಎಂದ. ಮೇಡಂ ಮರುಕದಿಂದ, “ತಂಗಿ ವಿಷ್ಯ, ಮನಸ್ಸಿಗೆ ಹಚ್ಚಿಕೊಂಡಿದೀರಿ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ” ಎಂದರು. ಅವನಿಗೊಂದು ಪ್ರಶಂಸಾ ಪತ್ರ ಕೊಡಬೇಕೆಂದು ನಡಾವಳಿಯಲ್ಲಿ ಬರೆಸಿದರು. ಬಾಗಿಲ ಹತ್ತಿರ ತೀರ್ಮಾನ ಕೇಳಲು ಕಾದಿದ್ದ ಮುದ್ದಯ್ಯ ಅವನ ಎರಡೂ ಕೈ ಹಿಡಿದು, “ಬೆಳಿಗ್ಗೆ ನಿಮ್ಮನ್ನ ತಪ್ ತಿಳ್ಕೊಂಡಿದ್ದೆ ರೈಟ್ರೇ. ಎಂಥಾ ತಲೆ ಓಡ್ಸುದ್ರಿ! ಸ್ವಾಮಿ ಜಾಮೀನ್ ಯೋಚ್ನೆ ನಂಗೆ ಬುಡಿ, ನಾನೇ ನಿಂತ್ಕೋತೀನಿ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಹುಡುಗಾಟಕ್ಕೆ ಹೇಳಿದ್ದಲ್ಲ, ನಿಜವಾದ ನೀರೇ.

ಬಸ್ಸು ಕಿರುಗಾವಲು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕುಸುಮ ಜಗಲಿಯ ಮೇಲೆ, ಬಿಳಿ ಪಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಅವ್ವ ಚಿಕ್ಕಬೋರಮ್ಮ ಚಮಚದಲ್ಲಿ ಅಂಬಲಿ ಕುಡಿಸುತ್ತಿದ್ದವಳು ಮಗನನ್ನು ಕಂಡು ಎದ್ದು ಒಳಗೆ ಹೋದಳು. ಅವನು ಟೋಪಿ ತೆಗೆದು ತಲೆ ಸವರಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತ.

“ಅಂಗ್ಡಿ ಮುಚ್ಚುಸ್ತಾರಂತಾ ಅಣ್ಣ?”

“ಇಲ್ಲ. ಕಾಯಂ ಆಯ್ತು.”

“ನಾನ್ ಬರ್ಸಿದ್ದು ತೋರ್ಸ್ನಿಲ್ವಾ?”

“ತೋರಿಸ್ದೆ. ಅದ್ರಿಂದ್ಲೇ ಆಯ್ತು ಕಣವ್ವ.”

ಅವಳಿಗೆ ತಿಳಿಯಲಿಲ್ಲ. ಅವನು ಹತ್ತೊಂಬತ್ತರ ಕಥೆ, ಸೊನ್ನೆಯ ಕಥೆ, ಒಂದರ ಕಥೆಯನ್ನು ಮೊದಲಿನಿಂದ ಬಿಡಿಸಿ ಹೇಳಿದ. ಚಪ್ಪಾಳೆಯ ವಿಷಯವನ್ನೂ ಬಚ್ಚಿಡಲಿಲ್ಲ. ಅವಳು ಕಣ್ಣು ಕಿರಿದಾಗಿಸಿ ಕೇಳಿದಳು. ಆಮೇಲೆ ನಗು ಬಂತು ಅವಳಿಗೆ. ಬಾಯಿ ತೆರೆಯಲಾಗದೆ ಮೂಗಿನಲ್ಲಿ ನಕ್ಕಳು, ದವಡೆ ಹಿಡಿದುಕೊಂಡು ನಕ್ಕಳು, ನೋವಿಗೆ ನೀರು ಬಂದರೂ ನಿಲ್ಲಿಸಲಾಗಲಿಲ್ಲ. “ನಗ್ಬ್ಯಾಡ, ನೋಯ್ತದೆ” ಎಂದ ಚಲುವರಾಜು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಲ್ಡು ಇದ್ದಿದ್ರೆ?”

“ಎಲ್ಡಾದ್ರೂ ಕಮ್ಮಿನೇ.”

“ಹತ್ತು?”

“ಹತ್ತೊಂಬತ್ತು ದಾಟ್ಬೇಕಿತ್ತು. ಇಪ್ಪತ್ತಾಗಿದ್ರೆ ಮುಚ್ತಿತ್ತು.”

ಅವಳು ಬಲಗೈ ಬೆರಳು ಮಡಿಸತೊಡಗಿದಳು. ಮೂಲೆಮನೆ ಸಾಕಮ್ಮ, ಒಲೆ ಊದುವ ಕೊಳವೆಯಲ್ಲಿ. ಡೇರಿ ಪಕ್ಕದ ಪುಟ್ಟತಾಯಿ, ಎರಡು ಸಲ. ಚಲುವಮ್ಮ ಮತ್ತು ಅವಳ ಸೊಸೆ, ಒಂದೇ ದಿನ, ಒಂದೇ ಸೌದೆಯಲ್ಲಿ. ಐದೂ ಬೆರಳು ಮುಗಿದವು. ಎಡಗೈ ಪಟ್ಟಿನೊಳಗಿತ್ತು. “ನಿನ್ ಕೈ ಕೊಡು” ಎಂದಳು. ಅವನು ಕೊಟ್ಟ. ಅವಳು ಅವನ ಬೆರಳನ್ನು ಒಂದೊಂದಾಗಿ ಮಡಿಸುತ್ತ, ಮನೆಯ ಹೆಸರು, ಹೆಂಗಸಿನ ಹೆಸರು, ಎಲ್ಲಿ ಏಟು ಬಿತ್ತು, ಯಾತರಲ್ಲಿ ಎಂದು ಹೇಳುತ್ತ ಹೋದಳು. ಅವನು ಬಲ್ಲ ಹೆಸರುಗಳಿದ್ದವು, ಠಾಣೆಯವರೆಗೆ ಬಾರದೇ ಹೋದವೂ ಇದ್ದವು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಕೇಳಿದಳು. ಅದೂ ಮುಗಿದು ಮತ್ತೆ ಹೆಬ್ಬೆರಳಿಗೆ ಬಂದಳು. ಕಿರುಬೆರಳನ್ನು ಮಡಿಸಿ, ಅದನ್ನು ಬಿಡದೆ ಹಿಡಿದುಕೊಂಡೇ ಅಣ್ಣನ ಮುಖ ನೋಡಿದಳು.

“ಇಪ್ಪತ್ತು,” ಎಂದಳು. “ಇನ್ನೂ ನಮ್ ಬೀದಿ ಮುಗ್ದಿಲ್ಲ ಕಣಣ್ಣ.”